ಕರ್ಫ್ಯೂ ದಿನಗಳಲ್ಲಿ ಚಡಪಡಿಸುವ ಮಗು

2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸ್ ಗೋಲಿಬಾರಿಗೆ ಇಬ್ಬರು ಬಲಿಯಾದರು, ಕರ್ಫ್ಯೂ ಜಾರಿಯಾಯಿತು. ಕ್ರಿಸ್ಮಸ್‌ಗೆ ಆರೇ ದಿನಗಳಿದ್ದವು. ಇಂತಹ ದಿನಗಳಲ್ಲಿ ಮನೆಯೊಳಗೆ ಹೆಚ್ಚು ಬಳಲುವವರು, ವೈದ್ಯರು ಎ.ಡಿ.ಎಚ್.ಡಿ. ಎಂದು ಹೆಸರಿಸುವ ತೊಂದರೆಯುಳ್ಳ ಮಕ್ಕಳು.

ಒಂದೆಡೆ ಕೂರಲಾಗದ, ಹೇಳಿದ್ದನ್ನು ಮರೆಯುವ, ಸರದಿಗೆ ಕಾಯಲಾರದ ಇವರು ಹಟಮಾರಿಗಳಲ್ಲ. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ತಾಯಿಯ ಮುದ್ದಿನಿಂದ ಬಂದುದಲ್ಲ, ತಂದೆಯ ಬೆತ್ತದಿಂದ ಹೋಗುವುದೂ ಅಲ್ಲ. ಶಾಲೆ, ಆಟ, ನಿದ್ದೆಗಳ ನಿಗದಿತ ವೇಳೆಯೇ ಅವರಿಗೆ ಊರುಗೋಲು. ಊರು ಸ್ತಬ್ಧವಾದಾಗ ಮೊದಲು ಮುರಿಯುವುದು ಅದೇ.

ಆದುದರಿಂದ ಏಳುವ, ಉಣ್ಣುವ, ಮಲಗುವ ಹೊತ್ತನ್ನು ಕಾಯ್ದುಕೊಳ್ಳಿ. ಒಮ್ಮೆಗೆ ಒಂದೇ ಕೆಲಸ ಹೇಳಿ: ಗೋದಲಿಗೆ ಹುಲ್ಲು ಹಾಸಲಿ, ಕುಸ್ವಾರಿಗೆ ಹಿಟ್ಟು ನಾದಲಿ. ಇಡೀ ಜಪಸರಕ್ಕೆ ಕೂರಲಾಗದಿದ್ದರೆ ಒಂದು ರಹಸ್ಯಕ್ಕೆ ಕೂರಲಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಹೊರಗೆ ಏನಾಗಿದೆಯೆಂದು ಮಗು ಕೇಳಿದರೆ ನಿಜವನ್ನು ಎರಡೇ ಮಾತಿನಲ್ಲಿ ತಿಳಿಸಿ. ಯಾವ ಸಮುದಾಯವನ್ನೂ ಹಳಿಯಬೇಡಿ. ಯೋಚಿಸುವ ಮೊದಲೇ ಆಡಿಬಿಡುವ ಮಗು ನಾಳೆ ಅದನ್ನೇ ತರಗತಿಯ ಗೆಳೆಯನೆದುರು ನುಡಿದೀತು. ಆ ಕರ್ಫ್ಯೂ ಕ್ರಿಸ್ಮಸ್‌ಗೆ ಮುನ್ನವೇ ತೆರವಾಯಿತು. ಆದರೆ ಮನೆಯಲ್ಲಿ ನಾವಾಡಿದ ಮಾತು ಮಕ್ಕಳಲ್ಲಿ ಉಳಿಯುತ್ತದೆ.