ಮದುಮಗನ ಬೆನ್ನ ಹಿಂದಿನ ಬಾಗಿಲು

ಸಾಗರದ ಪೇಟೆಯಲ್ಲಿ ಹಳೇ ಅಂಗಡಿ ಯಾವುದೇ ಇರಲಿ, ಗಲ್ಲಾಪೆಟ್ಟಿಗೆ ಮೇಲೆ ಹಾರ ಹಾಕಿದ ಒಂದು ಫೋಟೋ ಕಾಣುತ್ತದೆ. ಕರಿ ಕೋಟು, ಟೊಪ್ಪಿ, ನಗದ ಮುಖ. ಚಿಲ್ಲರೆಗೆ ಕಾಯುತ್ತಾ ದಿನಾ ನೋಡುವ ಗಿರಾಕಿ "ಯಾರ್ ಸ್ವಾಮೀ ಅವ್ರು?" ಎಂದು ಕೇಳುವುದೇ ಇಲ್ಲ. ಕೇಳಿದರೆ ಕತೆ ಹೊರಡುತ್ತದೆ. ಎಷ್ಟೋ ಫೋಟೋಗಳಲ್ಲಿ ಆ ಕೋಟು ಅವರದ್ದೇ ಅಲ್ಲ, ಸ್ಟುಡಿಯೋದ್ದು! ಆ ಕಾಲದ ಸ್ಟುಡಿಯೋಗಳಲ್ಲಿ ಬಾಚಣಿಗೆ, ಪೌಡರು, ಕನ್ನಡಿಯ ಜೊತೆ ಕೋಟೂ ಸಿಗುತ್ತಿತ್ತು. ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಬಂದವರು, ಮೂರು ವರ್ಷಕ್ಕೊಮ್ಮೆಯ ಮಾರಿಜಾತ್ರೆಗೆ ಸಾಗರಕ್ಕೆ ಬಂದವರು ಹೊಸ ಬಟ್ಟೆ ಮೈಮೇಲಿರುವಾಗಲೇ ಒಂದು ಫೋಟೋ ಹೊಡೆಸಿಕೊಂಡು ಹೋಗುತ್ತಿದ್ದರು.

ಇದು ಪೇಟೆಯ ಮಾತಾಯಿತು. ಶರಾವತಿ ಹಿನ್ನೀರಿನ ಕರೂರು, ಬಾರಂಗಿ ಕಡೆಯ ಮನೆಗಳಲ್ಲಿ ಫೋಟೋಕ್ಕೆ ಬೇರೆಯದೇ ತೂಕ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಯಲ್ಲಿದ್ದ ಊರೂರೇ ನೀರಿನ ಒಳಗೆ ಹೋದವು. ಮಡೆನೂರಿನಲ್ಲಿದ್ದ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು ಎಂದ ಮೇಲೆ ಮಣ್ಣಿನ ಗೋಡೆಯ ಮನೆ ಯಾವ ಲೆಕ್ಕ? ಪಾತ್ರೆ ಪಡಗ, ಮಕ್ಕಳು ಮರಿ ಎಲ್ಲ ಲಾರಿ ಹತ್ತಿ ಸೊರಬ, ಶಿಕಾರಿಪುರ, ಶಿವಮೊಗ್ಗ ಕಡೆಯ ಕಾಡು ಸೇರಿದರು. ಆ ಜಮೀನಿನ ಹಕ್ಕಿನ ತಕರಾರು ಅರವತ್ತು ವರ್ಷ ಕಳೆದರೂ ಮುಗಿದಿಲ್ಲ.

ಹೊರಡುವ ಮುಂಚೆ ಮನೆ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಯೋಗ ಎಷ್ಟು ಜನಕ್ಕಿತ್ತು? ಕ್ಯಾಮರಾ ಆಗ ಉಳ್ಳವರ ಸಾಮಾನು. ತೋಟದ ಒಡೆಯರಾದರೆ ಮದುವೆ, ಉಪನಯನಕ್ಕೆ ಫೋಟೋದವನನ್ನು ಕರೆಸಿದ್ದಾರು. ಗೇಣಿ ಮಾಡಿಕೊಂಡಿದ್ದವರಿಗೆ ಅದೆಲ್ಲಿಂದ ಬರಬೇಕು? ಹಾಗಾಗಿ ಮುಳುಗಡೆ ಮನೆಯವರ ಹತ್ತಿರ ಒಂದು ಮದುವೆ ಗ್ರೂಪ್ ಫೋಟೋ ಉಳಿದಿದ್ದರೆ ಅದೇ ದೊಡ್ಡ ಆಸ್ತಿ. ಅದನ್ನು ನೋಡುವ ಕ್ರಮವೂ ಬೇರೆ. ಅವರ ಕಣ್ಣು ಮದುಮಗನ ಮೇಲೆ ನಿಲ್ಲುವುದಿಲ್ಲ, ಬೆನ್ನ ಹಿಂದಕ್ಕೆ ಹೋಗುತ್ತದೆ. ಹೆಗಲಾಚೆ ಅರ್ಧ ಕಾಣುವ ಜಗಲಿ ಕಂಬ, ಒಂದು ಬಾಗಿಲು. "ಇದೇ ನಮ್ ಬಾಗ್ಲು, ಈ ಕಡೆ ಕೊಟ್ಟಿಗೆ" ಎಂದು ಮೊಮ್ಮಕ್ಕಳಿಗೆ ಬೆರಳಿಟ್ಟು ತೋರಿಸುತ್ತಾರೆ. ಕೊಟ್ಟಿಗೆ ಫೋಟೋದಲ್ಲಿ ಬಂದೇ ಇಲ್ಲ! ಬೆರಳು ಮಾತ್ರ ಫ್ರೇಮು ದಾಟಿ ಗೋಡೆಯ ಮೇಲೆ ನಿಲ್ಲುತ್ತದೆ.

2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಬಸ್ಸಿನವರೆಲ್ಲ ಮೊಬೈಲ್ ಎತ್ತಿ ಹಿನ್ನೀರಿನ ಫೋಟೋ ಹೊಡೆಯುತ್ತಾರೆ. ಹೊಡೆಯಲಿ. ಚಂದವೇ.

ಹೆಂಗಸರ ಸಂಗತಿ ಇನ್ನೊಂದು ಥರ. ಮದುವೆಗೆ ಮುಂಚೆ ಗಂಡಿನ ಕಡೆಯವರಿಗೆ ಕಳಿಸಲು ಒಂದು ಫೋಟೋ, ಪಕ್ಕಕ್ಕೆ ಕುರ್ಚಿ, ಹೂವಿನ ಕುಂಡ. ಸಂಬಂಧ ಕೂಡಲಿಲ್ಲವೆಂದರೆ ಆ ಫೋಟೋ ಎಷ್ಟೋ ಸಲ ವಾಪಸೇ ಬರುತ್ತಿರಲಿಲ್ಲ, ಯಾರದೋ ಮನೆಯ ಟ್ರಂಕಿನಲ್ಲಿ ಉಳಿಯಿತು. ಕೂಲಿಗೆ ಹೋಗುವವರಿಗೆ ಅದೂ ಇಲ್ಲ. 1993ರ ನಂತರ ಮತದಾರರ ಗುರುತಿನ ಚೀಟಿ ಬಂದಾಗಲೇ ಎಷ್ಟೋ ಅಜ್ಜಿಯರು ಮೊದಲ ಸಲ ಕ್ಯಾಮರಾ ಮುಂದೆ ಕೂತದ್ದು. ಅಜ್ಜಿ ಹೋದ ಮೇಲೆ ಮಗ ಅದೇ ಚೀಟಿ ಹಿಡಿದು ಸ್ಟುಡಿಯೋಕ್ಕೆ ಓಡುತ್ತಾನೆ. "ದೊಡ್ಡದ್ ಮಾಡ್ಕೊಡಿ, ತಿಥಿ ಒಳಗೆ ಬೇಕು." ಬೆರಳುಗುರಿನಷ್ಟು ಮುಖವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಬದುಕಿದ್ದಾಗ ಉಡದ ರೇಷ್ಮೆ ಸೀರೆ ಉಡಿಸಿ, ಕಟ್ಟು ಹಾಕಿಸಿ ಕೊಡುತ್ತಾರೆ. ಮುಖ ಅಷ್ಟಿಷ್ಟು ಬದಲಾಗಿರುತ್ತದೆ. ಮನೆಯವರು ಒಪ್ಪಿಕೊಳ್ಳುತ್ತಾರೆ, ಬೇರೆ ದಾರಿಯೇನಿದೆ?

ಇನ್ನು ಮಳೆ. ಆಗುಂಬೆ, ಹುಲಿಕಲ್ ಸೀಮೆಯ ಥಂಡಿಗೆ ಫೋಟೋ ಬೂಷ್ಟು ಹಿಡಿದು ಫ್ರೇಮಿನ ಗಾಜಿಗೇ ಅಂಟುತ್ತದೆ. ಎಳೆದು ಕೀಳಬೇಡಿ, ಮುಖವೇ ಗಾಜಿಗೆ ಹೋಗುತ್ತದೆ. ಗಾಜಿನ ಸಮೇತ ಸ್ಟುಡಿಯೋಕ್ಕೆ ಒಯ್ದರೆ ಮೇಲಿಂದಲೇ ಇನ್ನೊಂದು ಪ್ರತಿ ತೆಗೆಯಬಹುದು. ಹಿಂದುಗಡೆ ಹೆಸರು ಬರೆಯುವುದಾದರೆ ಪೆನ್ಸಿಲಿನಲ್ಲಿ ಹಗುರಾಗಿ ಬರೆಯಿರಿ, ಬಾಲ್‌ಪೆನ್ ಒತ್ತಿದರೆ ಮುಂದಕ್ಕೆ ಗೆರೆ ಮೂಡುತ್ತದೆ. ತಡ ಮಾಡುವ ಹಾಗಿಲ್ಲ. ಮುಳುಗಡೆ ಕಾಲದಲ್ಲಿ ಮೂವತ್ತರ ಸೊಸೆಯಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಹಿಂದಿನ ಸಾಲಿನ ತುದಿಯಲ್ಲಿ ನಿಂತವನು ಯಾರೆಂದು ಗೊತ್ತಿರುವುದು ಅವರೊಬ್ಬರಿಗೇ.