ಪಶು ಮತ್ತು ಬಸವ



ಇಬ್ಬರು ಜಗಳವಾಡುವಾಗ ಬಾಯಿಗೆ ಮೊದಲು ಬರುವುದು ಪ್ರಾಣಿಯ ಹೆಸರು. ಕತ್ತೆ ಎನ್ನುತ್ತೇವೆ, ನಾಯಿ ಎನ್ನುತ್ತೇವೆ, ಎಮ್ಮೆ ಎನ್ನುತ್ತೇವೆ. ಘೋರವಾದ ಅಪರಾಧವೊಂದು ನಡೆದರೆ ಪತ್ರಿಕೆಯವರು ಅದನ್ನು 'ಪಾಶವೀ ಕೃತ್ಯ' ಎಂದು ಬರೆಯುತ್ತಾರೆ. ಹಗೆ ತೀರಿಸಿಕೊಳ್ಳಲೆಂದು ಊರಿಗೆ ಬೆಂಕಿಯಿಟ್ಟ ಹುಲಿಯನ್ನು ಕಂಡವರುಂಟೆ? ವರದಕ್ಷಿಣೆಗಾಗಿ ಸೊಸೆಯನ್ನು ಸುಟ್ಟ ಎಮ್ಮೆಯುಂಟೆ? ಮಾಡಿದವನು ಮನುಷ್ಯ, ಅಪವಾದ ಹೊತ್ತದ್ದು ಪಶು.

ಶಾಸ್ತ್ರದಲ್ಲಿ ಈ ಶಬ್ದಕ್ಕೆ ಇಂತಹ ಕೆಟ್ಟ ಅರ್ಥವಿಲ್ಲ. 'ಪಶ್' ಎಂಬ ಧಾತುವಿಗೆ ಬಂಧಿಸು ಎಂಬ ಅರ್ಥವುಂಟು. ಪಾಶದಿಂದ ಕಟ್ಟಲ್ಪಟ್ಟುದು ಪಶು, ಅಷ್ಟೆ. ಶೈವಾಗಮಗಳು ಪತಿ, ಪಶು, ಪಾಶ ಎಂದು ಮೂರು ಪದಾರ್ಥಗಳನ್ನು ಹೇಳುತ್ತವೆ. ಪತಿಯೆಂದರೆ ಶಿವ, ಪಾಶವೆಂದರೆ ಆಣವ, ಮಾಯಾ, ಕಾರ್ಮಿಕವೆಂಬ ಮಲತ್ರಯ, ಪಶುವೆಂದರೆ ಜೀವ. ಹೀಗೆ ನೋಡಿದರೆ ಚಕ್ರವರ್ತಿಯೂ ಪಶುವೆ, ನಮ್ಮ ಮಠದ ಕೊಟ್ಟಿಗೆಯಲ್ಲಿರುವ ಹಸುವೂ ಪಶುವೆ. ಹಸುವಿನ ಕೊರಳಿನ ಕಣ್ಣಿ ಕಣ್ಣಿಗೆ ಕಾಣುತ್ತದೆ, ನಮ್ಮದು ಕಾಣುವುದಿಲ್ಲ. ಶಿವನಿಗೆ ಪಶುಪತಿಯೆಂಬ ಹೆಸರು ಬಂದುದು ಕಾಡುಮೃಗಗಳಿಗೆ ಒಡೆಯನಾದುದರಿಂದ ಮಾತ್ರವಲ್ಲ, ನಮಗೂ ಒಡೆಯನಾದುದರಿಂದ.

ಈಗ ನಮ್ಮ ಹತ್ತಿರದ ಬಸವನಗುಡಿಗೆ ಬರೋಣ. ಕಾರ್ತಿಕದ ಕಡೆಯ ಸೋಮವಾರ ಜಯನಗರ, ಬನಶಂಕರಿಗಳಿಂದ ನೀವೆಲ್ಲರೂ ಮಕ್ಕಳ ಕೈಹಿಡಿದು ಕಡಲೆಕಾಯಿ ಪರಿಷೆಗೆ ಹೋಗುತ್ತೀರಿ. ಅಲ್ಲಿಯ ದೊಡ್ಡಬಸವಣ್ಣ ಏಕಶಿಲೆಯ ಮೂರ್ತಿ. ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಗುಡಿಯನ್ನು ಕೆಂಪೇಗೌಡರು ಕಟ್ಟಿಸಿದರೆಂಬುದು ಪ್ರತೀತಿ. ಬೇರೆ ಶಿವಾಲಯಗಳಲ್ಲಿ ನಂದಿ ಬಾಗಿಲ ಮುಂದೆ ಕುಳಿತು ಒಳಗಿನ ಲಿಂಗವನ್ನು ನೋಡುತ್ತಿದ್ದರೆ ಇಲ್ಲಿ ಗರ್ಭಗುಡಿಯೇ ಅವನದು.

ಐತಿಹ್ಯವನ್ನು ನೀವು ಕೇಳಿದ್ದೀರಿ. ಹಿಂದೆ ಸುಂಕೇನಹಳ್ಳಿಯೆನಿಸಿಕೊಂಡಿದ್ದ ಆ ಸೀಮೆಯಲ್ಲಿ ರೈತರು ಕಡಲೆಕಾಯಿ ಬೆಳೆಯುತ್ತಿದ್ದರು. ಗೂಳಿಯೊಂದು ರಾತ್ರಿ ಬಂದು ಬೆಳೆಯನ್ನು ಮೇದು ಹೋಗುತ್ತಿತ್ತು. ಕಾದು ಕುಳಿತ ರೈತನೊಬ್ಬ ಸಿಟ್ಟಿನಿಂದ ದೊಣ್ಣೆ ಬೀಸಿದ. ಏಟು ತಿಂದ ಗೂಳಿ ಅಲ್ಲಿಯೇ ಕುಳಿತು ಕಲ್ಲಾಯಿತು. ಪಶ್ಚಾತ್ತಾಪಪಟ್ಟ ರೈತರು ಗುಡಿ ಕಟ್ಟಿದರು. ಮೊದಲ ಫಸಲನ್ನು ಅವನಿಗೇ ಒಪ್ಪಿಸುವೆವೆಂದು ಹರಕೆ ಹೊತ್ತರು.

ಕಡಲೆಕಾಯಿ ದಕ್ಷಿಣ ಅಮೆರಿಕಾ ಮೂಲದ ಬೆಳೆ, ಐರೋಪ್ಯ ನಾವಿಕರ ಕಾಲದ ನಂತರ ನಮ್ಮ ದೇಶಕ್ಕೆ ಬಂದುದು, ಆದುದರಿಂದ ಕಥೆ ಅಷ್ಟು ಹಳೆಯದಿರಲಾರದು ಎಂದು ಓದಿದ ಹುಡುಗರು ವಾದಿಸುತ್ತಾರೆ. ವಾದ ಸರಿಯಾಗಿಯೇ ಇದೆ. ಕಥೆಯ ವಯಸ್ಸು ಕಡಿಮೆಯಾದರೆ ಅದರ ಬೆಲೆಯೇನೂ ಕಡಿಮೆಯಾಗದು. ನಮ್ಮ ಗಮನವಿರಬೇಕಾದುದು ಬೇರೆಡೆ. ಈ ಕಥೆಯಲ್ಲಿ ತಪ್ಪಿತಸ್ಥ ಯಾರು? ಗೂಳಿ ಹಸಿದು ಮೇಯಿತು. ಅದು ಅದರ ಸಹಜಧರ್ಮ. ರೈತನೂ ದುಷ್ಟನಲ್ಲ, ಬೆವರು ಸುರಿಸಿ ಬೆಳೆದ ಬೆಳೆ ಅವನದು. ಆದರೂ ಪೂಜೆ ಹುಟ್ಟಿದ್ದು ಏಟಿನಿಂದ. ಉಸಿರಾಡುತ್ತಿದ್ದಾಗ ದೊಣ್ಣೆ, ಕಲ್ಲಾದ ಮೇಲೆ ಕಡಲೆಕಾಯಿ! ಇಷ್ಟು ಕಟುವಾದ ಮಾತನ್ನು ತಮ್ಮ ಮೇಲೆಯೇ ಹೇಳಿಕೊಂಡು, ಅದನ್ನೇ ವರ್ಷವರ್ಷವೂ ಜಾತ್ರೆ ಮಾಡಿದ ಆ ರೈತರು ಸಾಮಾನ್ಯರಲ್ಲ.

ಭಾಗವತದ ಪ್ರಥಮ ಸ್ಕಂಧದಲ್ಲಿಯೂ ಹೊಡೆತ ತಿನ್ನುವ ವೃಷಭವೊಂದು ಬರುತ್ತದೆ. ರಾಜವೇಷ ಧರಿಸಿದ ಕಲಿಪುರುಷನು ದಂಡ ಹಿಡಿದು ಒಂದು ಗೋವನ್ನೂ ಒಂದು ವೃಷಭವನ್ನೂ ಬಡಿಯುತ್ತಿರುತ್ತಾನೆ. ಗೋವು ಭೂಮಿ, ವೃಷಭ ಧರ್ಮ. ತಪಸ್ಸು, ಶೌಚ, ದಯೆ, ಸತ್ಯವೆಂಬ ನಾಲ್ಕು ಕಾಲುಗಳಲ್ಲಿ ಮೂರು ಮುರಿದು ಹೋಗಿ ಅದು ಒಂಟಿಕಾಲಲ್ಲಿ ನಿಂತಿದೆ. ನಿನ್ನ ಕಾಲುಗಳನ್ನು ಕಡಿದವರಾರೆಂದು ಪರೀಕ್ಷಿದ್ರಾಜನು ಕೇಳುತ್ತಾನೆ. ಹೊಡೆದವನು ಎದುರಿಗೇ ನಿಂತಿದ್ದರೂ ವೃಷಭವು ಅವನ ಹೆಸರು ಹೇಳುವುದಿಲ್ಲ. ದುಃಖಕ್ಕೆ ಕಾರಣವೇನೆಂಬುದರಲ್ಲಿ ತಿಳಿದವರಿಗೇ ಮತಭೇದವುಂಟು ಎಂದು ಸುಮ್ಮನಾಗುತ್ತದೆ. ಆ ಮಾತಿನಿಂದಲೇ ರಾಜನು ಇದು ಧರ್ಮವೆಂದು ಗುರುತಿಸಿದನು. ಬೈಗುಳಕ್ಕೆ ಪ್ರಾಣಿಯ ಹೆಸರನ್ನು ಹುಡುಕುವ ನಾವು, ಹೊಡೆದವನನ್ನೂ ಹೆಸರಿಡಿದು ದೂರದ ಈ ಪ್ರಾಣಿಯನ್ನು ಸ್ವಲ್ಪ ನೋಡಬೇಕು.

ಅನ್ಯದೇಶಗಳ ಪುರಾಣದಲ್ಲಿಯೂ ವೃಷಭವುಂಟು. ಗ್ರೀಕರ ಕಥೆಯಲ್ಲಿ ಗೂಳಿಯ ತಲೆ, ಮನುಷ್ಯನ ದೇಹವುಳ್ಳ ಮಿನೋಟಾರ್ ಎಂಬ ಪ್ರಾಣಿಯನ್ನು ಕ್ರೀಟ್ ದ್ವೀಪದ ರಾಜ ದಾರಿ ತಪ್ಪಿಸುವ ಮನೆಯೊಳಗೆ ಬಚ್ಚಿಡುತ್ತಾನೆ. ಥೀಸಿಯಸ್ ಎಂಬ ವೀರ ಹೋಗಿ ಅದನ್ನು ಕೊಲ್ಲುತ್ತಾನೆ. ನಮ್ಮಲ್ಲಿಯೂ ಮಹಿಷಾಸುರನ ವಧೆಯುಂಟು, ಇಲ್ಲವೆನ್ನಲಾಗದು. ಆದರೆ ಶಿವನ ಪರಿವಾರವನ್ನು ನೋಡಿರಿ. ಹಾವು ಕೊರಳಿನ ಆಭರಣ. ವೃಷಭ ಅವನ ವಾಹನ, ವೃಷಭವನ್ನು ತಿನ್ನಬಹುದಾದ ಸಿಂಹ ದೇವಿಯ ವಾಹನ; ಹಾವನ್ನು ತಿನ್ನುವ ನವಿಲು ಒಬ್ಬ ಮಗನಿಗೆ, ಹಾವಿಗೆ ಆಹಾರವಾಗುವ ಇಲಿ ಇನ್ನೊಬ್ಬ ಮಗನಿಗೆ. ಒಂದೇ ಮನೆಯಲ್ಲಿ ಎಲ್ಲವೂ ಬದುಕಿವೆ. ಒಳಗಿರುವ ಮೃಗವನ್ನು ಬಚ್ಚಿಟ್ಟರೆ ಅದು ಬೆಳೆಯುತ್ತದೆ. ಒಡೆಯನ ಕಣ್ಣೆದುರಿಗೆ ಕೂರಿಸಿದರೆ ಅದೇ ನಂದಿ.

ನಮ್ಮ ಬಸವಣ್ಣನವರ ಹೆಸರೂ ಪಶುವಿನ ಹೆಸರೇ ಅಲ್ಲವೆ? ವೃಷಭ ಶಬ್ದದ ತದ್ಭವ ಬಸವ. 1369ರಲ್ಲಿ ಭೀಮಕವಿ ರಚಿಸಿದ ಬಸವಪುರಾಣದಲ್ಲಿ ನಂದಿಯೇ ಬಾಗೇವಾಡಿಯಲ್ಲಿ ಅವತರಿಸುತ್ತಾನೆ. ಎತ್ತಿನ ಹೆಸರನ್ನು ಮಹಾತ್ಮನಿಗೆ ಇಟ್ಟ ನಾಡಿದು. ಅದೇ ನಾಲಗೆಯಲ್ಲಿ ಎತ್ತಿನ ಹೆಸರು ಬೈಗುಳವೂ ಆಗುತ್ತಿದೆ.

ಆ ಮಹಾತ್ಮರು ಪ್ರಾಣಿಗಳ ಹೋಲಿಕೆಯನ್ನು ಹೇಗೆ ಬಳಸಿದರೆಂಬುದು ಗಮನಿಸತಕ್ಕ ವಿಷಯ. ಅವರ ವಚನಗಳಲ್ಲಿ ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿಯುಂಟು. ಅದು ನೆರೆಯವನ ಮನಸ್ಸಲ್ಲ, ತಮ್ಮ ಮನಸ್ಸು. ಪಲ್ಲಕ್ಕಿಯೇರಿದರೂ ಹಳೆಯ ಚಾಳಿ ಬಿಡದ ನಾಯಿಯುಂಟು. ಅದೂ ತಮ್ಮ ಮನಸ್ಸೇ. ಬಿಜ್ಜಳನ ಭಂಡಾರಿಯಾಗಿ ಪಲ್ಲಕ್ಕಿಯಲ್ಲಿ ಓಡಾಡಬಲ್ಲವರು ಈ ಮಾತನ್ನಾಡಿದರೆಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ. ಇನ್ನೊಂದು ವಚನದಲ್ಲಿ ಕೆಸರಿನಲ್ಲಿ ಬಿದ್ದ ಪಶು ದಿಕ್ಕುದಿಕ್ಕಿಗೂ ಬಾಯಿ ತೆರೆದು ಕೂಗುತ್ತದೆ. ಒಡೆಯನು 'ಇದು ನನ್ನ ಪಶು' ಎಂದು ಕೊಂಬು ಹಿಡಿದೆತ್ತಬೇಕು. ಆಗಮಗಳು ಪತಿ, ಪಶು, ಪಾಶವೆಂದು ಸಂಸ್ಕೃತದಲ್ಲಿ ವಿಸ್ತರಿಸಿದುದನ್ನು ಹಳ್ಳಿಯ ಕೆರೆಯಂಚಿನ ಒಂದು ದೃಶ್ಯದಲ್ಲಿ ಮುಗಿಸಿಬಿಟ್ಟಿದ್ದಾರೆ! ನಾವು ಗುರುಕುಲದಲ್ಲಿ ವರ್ಷಗಟ್ಟಲೆ ಪಾಠ ಕೇಳಿ ತಿಳಿದದ್ದು ಇಷ್ಟೇ. ಇಲ್ಲಿ ಪಶುವೆನಿಸಿಕೊಳ್ಳುವುದು ನಾಚಿಕೆಯಲ್ಲ. ಒಡೆಯನಿಲ್ಲದಿರುವುದು ನಾಚಿಕೆ.

ಕಲ್ಲುನಾಗರಕ್ಕೆ ಹಾಲೆರೆದು ನಿಜನಾಗರವನ್ನು ಕೊಲ್ಲುವವರನ್ನು ಕುರಿತ ಅವರ ವಚನ ಮಾತ್ರ ನಮ್ಮ ಕಡೆಗೇ ತಿರುಗಿದೆ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಗಂಡುಕರು ಯಾರಿಗೂ ಬೇಡವಾಗಿದೆ. ಹಾಲು ಬತ್ತಿದ ಹಸುವನ್ನು ಬೀದಿಗೆ ಬಿಡುತ್ತಾರೆ. ಅವು ಬಡಾವಣೆಯ ತಿಪ್ಪೆಗಳಲ್ಲಿ, ನಾವು ಗಂಟು ಕಟ್ಟಿ ಎಸೆದ ಅನ್ನವನ್ನು ಪ್ಲಾಸ್ಟಿಕ್ ಚೀಲದ ಸಮೇತ ನುಂಗುತ್ತವೆ. ಆ ಚೀಲ ಜೀರ್ಣವಾಗುವುದಿಲ್ಲ. ಹೊಟ್ಟೆಯಲ್ಲಿ ಕೂಡುತ್ತ ಹೋಗಿ, ಹೊಟ್ಟೆ ತುಂಬಿದಂತಿದ್ದೇ ಹಸು ಹಸಿವಿನಿಂದ ಸಾಯುತ್ತದೆ. ದೊಡ್ಡಬಸವಣ್ಣನ ಪಾದದಡಿಯಲ್ಲಿ ಹುಟ್ಟುವಳೆಂದು ಪ್ರಸಿದ್ಧಳಾದ ವೃಷಭಾವತಿಯ ಸ್ಥಿತಿಯೂ ಇದೇ. ಅರ್ಕಾವತಿಯನ್ನು ಸೇರುವ ಆ ಹೊಳೆಯಲ್ಲಿ ಇಂದು ಹರಿಯುವುದು ನಮ್ಮೆಲ್ಲರ ಮನೆಗಳ ಕೊಳಚೆ. ಪರಿಷೆಗೆ ಹೋಗುವ ತಾಯಂದಿರು ಕಡಲೆಕಾಯಿಗೆ ಬಟ್ಟೆಯ ಚೀಲ ಒಯ್ಯಿರಿ. ಮುಸುರೆಯನ್ನು ಚೀಲದಲ್ಲಿ ಕಟ್ಟಿ ಎಸೆಯದೆ ಬೇರೆಯಾಗಿ ಇಡಿರಿ.

ಬೆಡಗಿನ ವಚನಗಳ ಮೃಗಗಳ ಮಾತು ಉಳಿಯಿತು. ಅಲ್ಲಮಪ್ರಭುಗಳ ಒಂದು ವಚನದಲ್ಲಿ ಹುಲಿಗೆ ಹುಲ್ಲೆಯ ತಲೆ, ಹುಲ್ಲೆಗೆ ಹುಲಿಯ ತಲೆ. ಅಲ್ಲಿ ಮೇಯುವುದು ಯಾವುದು, ಬೇಟೆಯಾಡುವುದು ಯಾವುದು? ಅದಕ್ಕೆ ಒಂದು ದಿನವೇ ಬೇಕು. ಮುಂದಿನ ಸೋಮವಾರ ನೋಡೋಣ.