ಹೆಸರು ಶಿವಪ್ಪ ನಾಯಕನದು, ಕಟ್ಟಡ ಯಾರ ಕಾಲದ್ದು?

ಶಿವಮೊಗ್ಗ: ತುಂಗಾ ತೀರದ ಕೋಟೆ ಪ್ರದೇಶದಲ್ಲಿರುವ ಎರಡು ಅಂತಸ್ತಿನ ಹಳೆಯ ಮಹಲನ್ನು ಊರಿನವರು ಶಿವಪ್ಪ ನಾಯಕನ ಅರಮನೆ ಎಂದೇ ಕರೆಯುತ್ತಾರೆ. ಆದರೆ ಇಂದು ಕಾಣುವ ಕಟ್ಟಡ ಹೈದರ್ ಅಲಿಯ ಕಾಲದ್ದೆಂಬುದು ಇತಿಹಾಸಕಾರರ ಅಭಿಪ್ರಾಯ.

ಭೂಕಂದಾಯ ವ್ಯವಸ್ಥೆಯಿಂದಾಗಿ ‘ಶಿಸ್ತಿನ ಶಿವಪ್ಪ ನಾಯಕ’ ಎಂದು ಖ್ಯಾತನಾದ ಕೆಳದಿಯ ಈ ಅರಸ ಆಳಿದ್ದು 1645ರಿಂದ 1660ರವರೆಗೆ. ಆಗ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ. ಹೈದರ್ ಅದನ್ನು ವಶಪಡಿಸಿಕೊಂಡದ್ದು 1763ರಲ್ಲಿ. ಹೀಗೆ ಅರಮನೆಯ ಹೆಸರಿಗೂ ಕಟ್ಟಡಕ್ಕೂ ನಡುವೆ ಶತಮಾನಕ್ಕೂ ಮಿಕ್ಕಿದ ಅಂತರವಿದೆ.

ಕಂಬಗಳು ಹೇಳುವುದೇನು?

ದರ್ಬಾರು ಸಭಾಂಗಣದಲ್ಲಿ ದಪ್ಪನೆಯ ಮರದ ಕಂಬಗಳಿವೆ. ಅವುಗಳ ನಡುವೆ ಎಸಳುಗಳಂತೆ ಕೊರೆದ ಕಮಾನುಗಳು. ಮೇಲಂತಸ್ತಿನ ಮೊಗಸಾಲೆಗಳು ಸಭಾಂಗಣದತ್ತ ತೆರೆದುಕೊಳ್ಳುತ್ತವೆ. ಹೈದರ್ 1781ರಲ್ಲಿ ಆರಂಭಿಸಿ, ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದ ಬೆಂಗಳೂರಿನ ಬೇಸಿಗೆ ಅರಮನೆಯನ್ನು ಕಂಡವರಿಗೆ ಈ ಶೈಲಿ ಅಪರಿಚಿತವಲ್ಲ.

ಸಮೀಪದ ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯ ಹೊಯ್ಸಳರ ಕಾಲದ್ದು. ಅದು ಕಲ್ಲಿನ ಕಟ್ಟಡವಾದುದರಿಂದ ಏಳು ಶತಮಾನಗಳ ಬಳಿಕವೂ ಮೂಲ ಶಿಲ್ಪಿಯ ಕೈಚಳಕ ಕಣ್ಣಿಗೆ ಕಾಣುತ್ತದೆ. ಮರದ ಮನೆಯ ಸಂಗತಿ ಬೇರೆ. ಮಲೆನಾಡಿನ ಮಳೆಗೆ ತೊಲೆ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ, ಹೆಂಚು ಒಡೆಯುತ್ತದೆ. ಅವುಗಳನ್ನು ಬದಲಾಯಿಸದೆ ಮನೆ ಉಳಿಯದು. ಬದಲಾಯಿಸಿದರೆ ಅಷ್ಟರಮಟ್ಟಿಗೆ ಹಳೆಯದು ಹೋಗುತ್ತದೆ.

ಅರಮನೆಯಿಂದ ಸಂಗ್ರಹಾಲಯಕ್ಕೆ

ಈಗ ಇದು ಸರ್ಕಾರಿ ವಸ್ತುಸಂಗ್ರಹಾಲಯ. ಬೇರೆಡೆಯಿಂದ ತಂದ ಶಿಲ್ಪಗಳು, ವೀರಗಲ್ಲುಗಳು ಇಲ್ಲಿವೆ. ಅವುಗಳಲ್ಲಿ ಹೊಯ್ಸಳರ ಕಾಲದವು ಅರಮನೆಗಿಂತ ಶತಮಾನಗಳಷ್ಟು ಹಿರಿಯವು. ವಿವರಣೆಯಿಲ್ಲದೆ ನೋಡುವವರು ಎಲ್ಲವೂ ಒಬ್ಬನೇ ಅರಸನ ಕಾಲದವೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಇದು ಕೇವಲ ಇತಿಹಾಸದ ಜಿಜ್ಞಾಸೆಯಲ್ಲ. ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ಯಾವ ಕಾಲದ ರೂಪವನ್ನು ಉಳಿಸಬೇಕೆಂಬುದು ನಿರ್ಧಾರವಾಗಬೇಕು. ಹೆಸರನ್ನಷ್ಟೇ ನಂಬಿ ಕೆಳದಿಯ ಕಾಲದ ರೂಪ ಕೊಡಲು ಹೊರಟರೆ, ನಿಜವಾಗಿ ಉಳಿದಿರುವ ಹದಿನೆಂಟನೆಯ ಶತಮಾನದ ಮರಗೆಲಸವೇ ‘ನಂತರದ ಸೇರ್ಪಡೆ’ ಎನಿಸಿಕೊಳ್ಳುವ ಅಪಾಯವಿದೆ. ಜನರ ನೆನಪಿನಲ್ಲಿ ಉಳಿದ ಶಿವಪ್ಪ ನಾಯಕನ ಹೆಸರೂ ಇರಲಿ, ಕಂಬಗಳನ್ನು ನಿಲ್ಲಿಸಿದವರ ಕಾಲವೂ ಫಲಕದಲ್ಲಿ ದಾಖಲಾಗಲಿ. ಎರಡೂ ಈ ಊರಿನ ಇತಿಹಾಸವೇ.